ಅಕ್ಷರದ ಒಡೆತನ

೧೯೫೭ನೆಯ ಇಸವಿಯ ಭಾರತೀಯ ಗ್ರಂಥಸ್ವಾಮ್ಯ ಶಾಸನದ ಎರಡನೆಯ ಕಲಮನ್ನು ತೆರೆದು ನೋಡಿದವರಿಗೆ ಅಲ್ಲಿ ಒಂದು ವಿನೋದವು ಕಾಣಸಿಗುತ್ತದೆ. 'ಸಾಹಿತ್ಯಕೃತಿ' ಎಂಬ ಮಾತಿಗೆ ಲಕ್ಷಣವನ್ನು ಹೇಳುವ ಆ ಸ್ಥಳದಲ್ಲಿ, ಗಣಕಯಂತ್ರದ ಕ್ರಮವಿಧಿಗಳೂ ಕೋಷ್ಟಕಗಳೂ ಸಂಕಲನಗಳೂ ಆ ಹೆಸರಿಗೆ ಅರ್ಹವಾದುವೆಂದು ಬರೆದಿದೆ. ೧೯೮೪ರ ತಿದ್ದುಪಡಿಯಿಂದ ಕ್ರಮವಿಧಿಗೆ ಈ ಪದವಿಯು ದೊರೆಯಿತು; ೧೯೯೪ರ ತಿದ್ದುಪಡಿಯಿಂದ ಅದು ಭದ್ರವಾಯಿತು. ಆಲಂಕಾರಿಕರು ಸಾವಿರ ವರ್ಷ ಚರ್ಚಿಸಿಯೂ ಕಾವ್ಯಲಕ್ಷಣವನ್ನು ಒಮ್ಮತದಿಂದ ನಿರ್ಣಯಿಸಲಾರದೆ ಹೋದರು. ಶಾಸನಕರ್ತರಿಗೆ ಆ ತೊಡಕು ಇರಲಿಲ್ಲ. ಸಹಕಾರ ಸಂಘದ ಬಡ್ಡಿಯನ್ನು ಲೆಕ್ಕ ಹಾಕುವ ಕ್ರಮವಿಧಿಯೂ, ಕವಿಯೊಬ್ಬನು ಹಲವು ವರ್ಷ ತಪಿಸಿ ಬರೆದ ಮಹಾಕಾವ್ಯವೂ ಅವರ ಕಣ್ಣಿಗೆ ಒಂದೇ ಜಾತಿಯವು; ಎರಡಕ್ಕೂ ಕರ್ತೃವಿನ ಜೀವಮಾನಪರ್ಯಂತವೂ, ಅವನು ತೀರಿಕೊಂಡ ಮೇಲೆ ೬೦ ವರ್ಷಗಳ ವರೆಗೂ ಒಡೆತನವು ಸಲ್ಲುತ್ತದೆ.

ಇದರ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಮೂವತ್ತು ವರ್ಷದ ತರುಣನೊಬ್ಬನು ೨೦೨೫ರಲ್ಲಿ ಒಂದು ಕ್ರಮವಿಧಿಯನ್ನು ಬರೆದು, ದೇವರ ದಯೆಯಿಂದ ಎಂಬತ್ತು ವರ್ಷ ಬದುಕಿದನೆಂದು ಹಿಡಿಯೋಣ. ಅವನು ಬರೆದ ಸಾಲುಗಳು ೨೧೩೫ರ ಡಿಸೆಂಬರ್ ೩೧ರ ವರೆಗೆ ಬೇಲಿಯೊಳಗೆ ಇರುತ್ತವೆ. ಅವು ಯಾವ ಯಂತ್ರದ ಮೇಲೆ ನಡೆಯುತ್ತಿದ್ದುವೋ ಆ ಯಂತ್ರವು ಹತ್ತು ವರ್ಷಗಳಲ್ಲಿ ಗುಜರಿಗೆ ಹೋಗಿರುತ್ತದೆ. ಬೇಲಿಯನ್ನು ತೆಗೆಯುವ ದಿನ ಒಳಗೆ ಮೇಯುವುದಕ್ಕೆ ಒಂದು ಗರಿಕೆಯೂ ಉಳಿದಿರುವುದಿಲ್ಲ. ಸಾರ್ವಜನಿಕರು ಒಂದು ಅವಧಿಯ ವರೆಗೆ ಕಾದರೆ ಅನಂತರ ಕೃತಿಯು ಅವರಿಗೆ ಸೇರುತ್ತದೆ ಎಂಬ ಒಪ್ಪಂದದ ಮೇಲೆ ಈ ಶಾಸನವು ನಿಂತಿರುವುದಾಗಿ ಅದರ ಪಕ್ಷಪಾತಿಗಳು ಹೇಳುತ್ತಾರೆ. ಕ್ರಮವಿಧಿಯ ವಿಷಯದಲ್ಲಿ ಆ ಒಪ್ಪಂದದ ಒಂದು ಭಾಗವು ಎಂದಿಗೂ ಸಲ್ಲತಕ್ಕದ್ದಲ್ಲ.

ಇಂಥ ಶಾಸನದ ವಿಷಯದಲ್ಲಿ ಸಂಶಯಪಡುವವರು ದುಡ್ಡು ಕೊಡಲೊಲ್ಲದ ಓದುಗರೆಂದು ಭಾವಿಸುವುದು ರೂಢಿಯಾಗಿದೆ. ವಸ್ತುತಃ ಸಂಶಯವು ಮೊದಲು ಹುಟ್ಟುವುದು ಕ್ರಮವಿಧಿಯನ್ನು ಬರೆಯುವವನಲ್ಲಿಯೇ. ಕುಣಿಗಲು, ಗುಬ್ಬಿ, ತುಮಕೂರುಗಳ ಎಷ್ಟೋ ಮನೆಗಳಿಂದ ಮಕ್ಕಳು ಬೆಂಗಳೂರಿಗೆ ಹೋಗಿ ಈ ಕಸುಬಿನಲ್ಲಿ ತೊಡಗಿರುವರು. ಅಂಥವನೊಬ್ಬನು ಕೆಲಸಕ್ಕೆ ಕುಳಿತಾಗ ಅವನ ಮುಂದಿರುವುದೇನು? ೧೯೯೧ರಿಂದ ಜಗತ್ತಿನ ನಾನಾ ದೇಶದವರು ಕೂಡಿ ಬೆಳೆಸಿದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ. ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಭಾಷೆಗಳು, ಉಪಕರಣಗಳು. ಜಿನೀವಾದ ಸರ್ನ್ ಸಂಸ್ಥೆಯು ೧೯೯೩ರ ಏಪ್ರಿಲ್ ೩೦ರಂದು ಸರ್ವರ ಸ್ವತ್ತೆಂದು ಸಾರಿದ ವಿಶ್ವವ್ಯಾಪಿ ಜಾಲ. ಅವನು ಸೇರಿಸುವ ನೂರು ಸಾಲುಗಳು ಇಂಥ ಕೋಟ್ಯಂತರ ಸಾಲುಗಳ ಮೇಲೆ ಇಟ್ಟ ಒಂದು ಸಣ್ಣ ಹೆಂಚು. ಆ ಹೆಂಚಿಗೆ ಅವನು ಕರ್ತೃವೆಂದು ಶಾಸನವು ಘನವಾಗಿ ಘೋಷಿಸುತ್ತದೆ. ಘೋಷಿಸಿದ ಉಸಿರಿನಲ್ಲಿಯೇ, ಬೇರೆ ಕರಾರು ಇಲ್ಲದಿದ್ದರೆ ಅದರ ಪ್ರಥಮ ಸ್ವಾಮಿಯು ಅವನ ಧಣಿಯೆಂದು ೧೭ನೆಯ ಕಲಮಿನಲ್ಲಿ ಹೇಳುತ್ತದೆ. ಕೆಲಸ ಬಿಟ್ಟು ಬೇರೆಡೆಗೆ ಹೋದ ಮೇಲೆ, ತಾನೇ ಬರೆದುದನ್ನು ತಾನು ಮತ್ತೆ ಬಳಸಿದರೆ ಅವನೇ ಅಪರಾಧಿ. ಕರ್ತೃವಿನ ಹೆಸರಿನಲ್ಲಿ ಕಟ್ಟಿದ ಮನೆಯಲ್ಲಿ ಕರ್ತೃವಿಗೆ ಜಗುಲಿಯ ಮೇಲೂ ಸ್ಥಳವಿಲ್ಲದಿರುವುದನ್ನು ಕಂಡವನು ಸಂಶಯಪಡದೆ ಇನ್ನೇನು ಮಾಡಬೇಕು?

ಸ್ವತ್ತು ಎಂಬ ಮಾತಿನ ಅರ್ಥವನ್ನು ಮಾರ್ಕೋನಹಳ್ಳಿಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೦ರ ದಶಕದ ಕೊನೆಯ ವರ್ಷಗಳಲ್ಲಿ, ಶಿಂಷಾ ನದಿಗೆ ಅಡ್ಡಲಾಗಿ ಅಲ್ಲಿ ಕಟ್ಟಿದ ಜಲಾಶಯದ ಅಚ್ಚುಕಟ್ಟು ಸುಮಾರು ೧೫,೦೦೦ ಎಕರೆಯಷ್ಟು. ಮೇಲಿನ ಗದ್ದೆಯವನು ರಾತ್ರಿ ತೂಬಿನ ಮಡೆಯನ್ನು ತಿರುಗಿಸಿಕೊಂಡರೆ ಬೆಳಗ್ಗೆ ಕೆಳಗಿನವನ ಪೈರು ಬಾಡುತ್ತದೆ. ಆದುದರಿಂದಲೇ ನೀರಿಗೆ ಸರದಿಯುಂಟು, ನೀರುಗಂಟಿಯುಂಟು, ತಕರಾರುಗಳುಂಟು. ಹೇಮಾವತಿಯ ನೀರನ್ನು ಪ್ರತ್ಯೇಕ ಕಾಲುವೆಯಿಂದ ಕುಣಿಗಲಿನ ಕಡೆಗೆ ಒಯ್ಯುವ ಯೋಜನೆಯ ವಿಷಯದಲ್ಲಿ ೨೦೨೫ರಲ್ಲಿ ಜಿಲ್ಲೆಯೊಳಗೇ ಎದ್ದ ಪ್ರತಿಭಟನೆಗಳನ್ನು ವಾಚಕರು ಮರೆತಿರಲಾರರು. ಯಾರ ಪಕ್ಷವು ನ್ಯಾಯವೆಂಬುದು ಇಲ್ಲಿಯ ಪ್ರಸ್ತಾಪವಲ್ಲ. ಒಬ್ಬರ ಪಾಲು ಹೆಚ್ಚಿದರೆ ಇನ್ನೊಬ್ಬರ ಪಾಲು ಕುಗ್ಗುವ ವಸ್ತುವಿಗೆ ಕಾನೂನು ಬೇಕೆಂಬುದನ್ನು ಉಭಯ ಪಕ್ಷದವರೂ ಒಪ್ಪುವರು.

ಅದೇ ಮಾರ್ಕೋನಹಳ್ಳಿಯ ಕಟ್ಟೆಯಲ್ಲಿ ಇನ್ನೊಂದು ವಸ್ತುವಿದೆ. ನೀರು ನಿಯತವಾದ ಮಟ್ಟವನ್ನು ಮೀರಿದೊಡನೆ, ಯಾರೂ ಬಾಗಿಲೆತ್ತದೆಯೇ, ಹೆಚ್ಚಿನ ಪ್ರವಾಹವನ್ನು ತಾನಾಗಿ ಹೀರಿ ಹೊರಗೆ ಚೆಲ್ಲುವ ಒಂದು ಜೊತೆ ಸೈಫನ್ನುಗಳು. ಈ ವಿದ್ಯೆಯಲ್ಲಿ ಮೈಸೂರು ಸೀಮೆಯು ಹೆಸರು ಪಡೆದದ್ದೇ ಸರಿ; ಸುರುಳಿ ರೆಕ್ಕೆಗಳಿಂದ ನೀರನ್ನು ಸುತ್ತಿಸಿ ಗಾಳಿಯನ್ನು ಹೊರದೂಡುವ ಸೈಫನ್ನು ಮೈಸೂರಿನ ಇಂಜಿನಿಯರು ಗಣೇಶ ಅಯ್ಯರ್ ಅವರ ಹೆಸರಿನಿಂದ ಜಲಶಾಸ್ತ್ರದ ಪಠ್ಯಗಳಲ್ಲಿ ನಿಂತಿದೆ. ಆ ಪುಟವನ್ನು ಓದಿ ದೂರದ ದೇಶದ ಇಂಜಿನಿಯರೊಬ್ಬನು ತನ್ನ ಊರಿನಲ್ಲಿ ಅಂಥ ಸೈಫನ್ನನ್ನು ಕಟ್ಟಿದರೆ ಮಾರ್ಕೋನಹಳ್ಳಿಯ ಕೆರೆಯಲ್ಲಿ ಒಂದು ಕೊಡ ನೀರೂ ಕಡಿಮೆಯಾಗುವುದಿಲ್ಲ. ನೀರು ಸ್ವತ್ತು, ಸೈಫನ್ನಿನ ಉಪಾಯವು ಸ್ವತ್ತಲ್ಲ. ಎರಡಕ್ಕೂ ಒಂದೇ ಹೆಸರಿಟ್ಟು 'ಬೌದ್ಧಿಕ ಸ್ವತ್ತು' ಎಂದು ಕರೆದುದರಲ್ಲಿ ಮೊದಲನೆಯ ಮೋಸವಿದೆ. ಹೊಲವನ್ನು ಕದ್ದವನ ಮೇಲೆ ಸಹಜವಾಗಿ ಬರುವ ಕೋಪವು, ಆ ಹೆಸರಿನ ಬಲದಿಂದ, ಪುಸ್ತಕವನ್ನು ಪ್ರತಿ ಮಾಡಿಕೊಂಡ ಬಡ ವಿದ್ಯಾರ್ಥಿಯ ಮೇಲೆ ಹರಿಯುತ್ತದೆ.

ಶಾಸನವು ಉಪಾಯವನ್ನು ಕಟ್ಟಿಹಾಕುವುದಿಲ್ಲ, ಮಾತಿನ ರೂಪವನ್ನು ಮಾತ್ರ ಕಾಯುತ್ತದೆ ಎಂದು ವಕೀಲರು ಉತ್ತರ ಕೊಡುವರು. ಉತ್ತರವು ಅಲ್ಲಗಳೆಯತಕ್ಕದ್ದಲ್ಲ, ಕಾದಂಬರಿಯ ವಿಷಯದಲ್ಲಿ ಅದು ಸಾಕಷ್ಟು ಮಟ್ಟಿಗೆ ಸತ್ಯವೂ ಹೌದು. ಆದರೆ ಕ್ರಮವಿಧಿಯಲ್ಲಿ ರೂಪವನ್ನೂ ಉಪಾಯವನ್ನೂ ಬಿಡಿಸುವುದು ಹಾಲಿನಿಂದ ಬಿಳುಪನ್ನು ಬಿಡಿಸಿದಂತೆ. ಅಮೆರಿಕದಲ್ಲಿ ಒರಾಕಲ್ ಕಂಪೆನಿಯವರು ಗೂಗಲ್ ಕಂಪೆನಿಯ ಮೇಲೆ ೨೦೧೦ರಲ್ಲಿ ಹೂಡಿದ ವ್ಯಾಜ್ಯವೇ ಇದಕ್ಕೆ ನಿದರ್ಶನ. ಜಾವಾ ಎಂಬ ಭಾಷೆಯಲ್ಲಿ ಒಂದು ಕೆಲಸವನ್ನು ಯಾವ ಹೆಸರಿನಿಂದ ಕರೆಯಬೇಕೆಂದು ತಿಳಿಸುವ ಸುಮಾರು ೧೧,೫೦೦ ಸಾಲುಗಳನ್ನು ಹಾಗೆಯೇ ಬಳಸಿದ್ದು ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸಲು ೨೦೨೧ರ ವರೆಗೆ ಹಿಡಿಯಿತು. ಬಳಕೆಯು ನ್ಯಾಯವೆಂದು ಅಲ್ಲಿಯ ಪರಮೋಚ್ಚ ನ್ಯಾಯಾಲಯವು ಹೇಳಿತು. ಆ ಸಾಲುಗಳಿಗೆ ಮೂಲತಃ ಸ್ವಾಮ್ಯವುಂಟೋ ಇಲ್ಲವೋ ಎಂಬ ಪ್ರಶ್ನೆಯನ್ನು ಮಾತ್ರ ಮುಟ್ಟದೆ ಬಿಟ್ಟಿತು. ಕೋಟಿಗಟ್ಟಲೆ ಹಣವುಳ್ಳವರು ಹನ್ನೊಂದು ವರ್ಷ ನಿಂತು ಹೋರಾಡಬಲ್ಲರು. ಕುಣಿಗಲಿನ ತರುಣನು ವಕೀಲರ ಮೊದಲ ಪತ್ರಕ್ಕೇ ಕೈಬಿಡುವನು.

ಕೃತಿಯೊಂದನ್ನು ಹಲವರು ತಿದ್ದಿ ಬೆಳೆಸುವ ಪದ್ಧತಿಯು ಗಣಕದವರ ಹೊಸ ಹುಚ್ಚೆಂದು ಯಾರಾದರೂ ತಿಳಿದಿದ್ದರೆ ಅವರು ಮಾರ್ಕೋನಹಳ್ಳಿಗೆ ಸಮೀಪದ ಎಡೆಯೂರಿನ ವರೆಗೆ ಹೋಗಿಬಂದರೆ ಸಾಕು. ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ ಎಡೆಯೂರಿನಲ್ಲಿ ಐಕ್ಯರಾದ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯಲ್ಲಿಯೇ, ತುಮಕೂರಿನ ಬಳಿಯ ಗೂಳೂರಿನ ಸಿದ್ಧವೀರಣಾರ್ಯರು 'ಶೂನ್ಯಸಂಪಾದನೆ'ಯನ್ನು ಪರಿಷ್ಕರಿಸಿದರು. ಅದು ಆ ಗ್ರಂಥದ ನಾಲ್ಕನೆಯ ಪರಿಷ್ಕರಣ. ಮೊದಲು ಶಿವಗಣಪ್ರಸಾದಿ ಮಹಾದೇವಯ್ಯನವರು ಬಸವಾದಿ ಶರಣರ ವಚನಗಳನ್ನು ಸಂವಾದರೂಪದಲ್ಲಿ ಹೆಣೆದರು. ಹಲಗೆಯಾರ್ಯರು ಅದನ್ನು ತಿದ್ದಿದರು. ಗುಮ್ಮಳಾಪುರದ ಸಿದ್ಧಲಿಂಗರು ಮತ್ತೆ ತಿದ್ದಿದರು. ಗೂಳೂರಿನವರು ಇನ್ನೂ ತುಂಬಿಕೊಟ್ಟರು. ಹದಿನೈದು ಹದಿನಾರನೆಯ ಶತಮಾನಗಳಲ್ಲಿ ನಡೆದ ಈ ಕಾರ್ಯಕ್ಕೆ ಯಾರೂ ಯಾರ ಅಪ್ಪಣೆಯನ್ನೂ ಬೇಡಲಿಲ್ಲ. ಹಿಂದಿನವರದು ತಮಗೆ ಸಮ್ಮತವಲ್ಲದಿದ್ದ ಕಡೆ ಬದಲಾಯಿಸಲು ಹಿಂದೆಗೆಯಲೂ ಇಲ್ಲ. ಇಂದಿನ ಶಾಸನವು ಆಗ ಇದ್ದಿದ್ದರೆ, ಒಬ್ಬರು ತೀರಿಕೊಂಡ ಅರುವತ್ತು ವರ್ಷಗಳೊಳಗೆ ಇನ್ನೊಬ್ಬರು ಕೈ ಹಾಕಿದ ಸಂದರ್ಭಗಳೆಲ್ಲ ದಾವೆಗೆ ವಿಷಯವಾಗುತ್ತಿದ್ದುವು. ಕ್ರಮವಿಧಿಕಾರರು ಈಗ ಒಂದನೆಯ ಆವೃತ್ತಿ, ಎರಡನೆಯ ಆವೃತ್ತಿ, ಕವಲೊಡೆದ ಆವೃತ್ತಿ ಎಂದು ಹೇಳುವರಲ್ಲ, ಅದು ಈ ಜಿಲ್ಲೆಯವರಿಗೆ ನಾನೂರು ವರ್ಷಕ್ಕೂ ಹಿಂದಿನಿಂದ ಪರಿಚಿತವಾದ ಕೆಲಸವೇ.

ಆದರೆ ಒಂದು ಕಟ್ಟನ್ನು ಆ ನಾಲ್ವರೂ ಮೀರಲಿಲ್ಲ. ವಚನದ ಅಂಕಿತವನ್ನು ಅಳಿಸಲಿಲ್ಲ. ಅಲ್ಲಮನದು ಗುಹೇಶ್ವರನ ಅಂಕಿತದಲ್ಲಿಯೇ, ಅಕ್ಕನದು ಚೆನ್ನಮಲ್ಲಿಕಾರ್ಜುನನ ಅಂಕಿತದಲ್ಲಿಯೇ ಬಂತು. ಪ್ರತಿಮಾಡುವುದು ಬೇರೆ, ಇನ್ನೊಬ್ಬನ ಮಾತನ್ನು ತನ್ನದೆಂದು ಹೇಳುವುದು ಬೇರೆ. ಎರಡನೆಯದು ಸುಳ್ಳು, ಅದಕ್ಕೆ ಯಾವ ಕಾಲಾವಧಿಯ ವಿನಾಯಿತಿಯೂ ಸಲ್ಲದು. ಇಂದಿನ ಶಾಸನದ ಬಹುಭಾಗವು ಮೊದಲನೆಯದನ್ನು ದಂಡಿಸಲು ಮೀಸಲು. ಅದರಲ್ಲಿಯೂ ೬೩-ಬಿ ಎಂಬ ಕಲಮು ವಿಚಿತ್ರವಾದದ್ದು: ಅಕ್ರಮವಾಗಿ ಪ್ರತಿಯಾದ ಕಾದಂಬರಿಯನ್ನು ಕೊಂಡು ಓದಿದವನಿಗೆ ಶಿಕ್ಷೆಯಿಲ್ಲ; ಅಂಥ ಕ್ರಮವಿಧಿಯನ್ನು ತಿಳಿದೂ ಬಳಸಿದವನಿಗೆ ಏಳು ದಿನಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷಗಳ ವರೆಗೆ ಸೆರೆಮನೆಯನ್ನೂ, ೫೦,೦೦೦ದಿಂದ ೨ ಲಕ್ಷ ರೂಪಾಯಿಗಳ ವರೆಗೆ ದಂಡವನ್ನೂ ಅದು ವಿಧಿಸುತ್ತದೆ. ಲಾಭಕ್ಕಾಗಿ ಬಳಸದವನಿಗೆ ಸೆರೆಯನ್ನು ಬಿಟ್ಟುಬಿಡುವ ಅಧಿಕಾರವು ನ್ಯಾಯಾಧೀಶರಿಗೆ ಇದೆಯೆಂಬುದಷ್ಟೇ ಸಮಾಧಾನ.

ಇನ್ನು ಕನ್ನಡವು ಗಣಕಯಂತ್ರವನ್ನು ಹೊಕ್ಕ ಚರಿತ್ರೆಯನ್ನು ನೋಡಬೇಕು. ದಕ್ಷಿಣ ಕನ್ನಡದ ಕಿನ್ನಿಕಂಬಳದ ಪದ್ಮನಾಭರಾಯರು, ಎಲ್ಲರೂ ಕೆ. ಪಿ. ರಾವ್ ಎಂದು ಕರೆಯುವ ವಿದ್ವಾಂಸರು, ಕನ್ನಡದ ಧ್ವನಿಗಳ ಕ್ರಮವನ್ನು ಅನುಸರಿಸಿ ಒಂದು ಕೀಲಿಮಣೆಯನ್ನು ರಚಿಸಿದರು. ಬರೆಯುವವನು ವ್ಯಂಜನ, ಸ್ವರ, ಒತ್ತುಗಳನ್ನು ಉಚ್ಚಾರದ ಕ್ರಮದಲ್ಲಿ ಒತ್ತಿದರೆ ಸಾಕು, ಅಕ್ಷರದ ಆಕಾರವನ್ನು ಯಂತ್ರವೇ ಜೋಡಿಸಿಕೊಳ್ಳುತ್ತದೆ. ಇಂಗ್ಲಿಷಿನ ೨೬ ಕೀಲಿಗಳಲ್ಲಿ ಇಡೀ ಕನ್ನಡ ವರ್ಣಮಾಲೆಯು ಅಡಗಿತು. ಶಾಲೆಯ ಹುಡುಗನು ಒಂದು ಮಧ್ಯಾಹ್ನದಲ್ಲಿ ಅದನ್ನು ಕಲಿಯಬಲ್ಲ. ಈ ತತ್ತ್ವದ ಮೇಲೆ ಅವರು ನಿರ್ಮಿಸಿದ ತಂತ್ರಾಂಶಕ್ಕೆ ಹಿರಿಯ ಭಾಷಾವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು 'ಸೇಡಿಯಾಪು' ಎಂದು ಕರೆದು, ಬೇಕಾದವರು ಬಳಸಲೆಂದು ಉಚಿತವಾಗಿ ಕೊಟ್ಟರು. ಅವರ ಕೀಲಿಮಣೆಯನ್ನೇ ಅಲ್ಪಸ್ವಲ್ಪ ಬದಲಾಯಿಸಿ ಕರ್ನಾಟಕ ಸರ್ಕಾರವು ಅಧಿಕೃತವೆಂದು ಅಂಗೀಕರಿಸಿತು. 'ನುಡಿ' ತಂತ್ರಾಂಶದ ಮೂಲಕ ತಾಲ್ಲೂಕು ಕಚೇರಿಯ ಗುಮಾಸ್ತರ ಬೆರಳುಗಳಿಗೂ ಅದು ತಲಪಿತು.

ಆ ವಿದ್ವಾಂಸರು ಒಡೆತನವನ್ನು ಸಾಧಿಸಲು ಹೊರಟಿದ್ದರೆ ಏನಾಗುತ್ತಿತ್ತೆಂದು ಒಂದು ಕ್ಷಣ ಊಹಿಸಬೇಕು. ಪಹಣಿ ಬರೆಯುವ ಕಚೇರಿ, ಲಗ್ನಪತ್ರಿಕೆ ಅಚ್ಚುಮಾಡುವ ಅಂಗಡಿ, ಪರೀಕ್ಷೆಯ ಪ್ರಶ್ನಪತ್ರಿಕೆಯನ್ನು ಸಿದ್ಧಪಡಿಸುವ ಶಾಲೆ, ಇವೆಲ್ಲವೂ 'ಕ' ಎಂಬ ಅಕ್ಷರವನ್ನು ಒಂದು ನಿಯತ ಸ್ಥಳದಲ್ಲಿ ಒತ್ತಿದ್ದಕ್ಕೆ ಸುಂಕ ಕೊಡಬೇಕಾಗುತ್ತಿತ್ತು. ಇಲ್ಲವೆ ಒಬ್ಬೊಬ್ಬ ವ್ಯಾಪಾರಿಯು ಒಂದೊಂದು ಕೀಲಿಮಣೆಯನ್ನು ಮಾಡಿ, ಒಂದರಲ್ಲಿ ಕಲಿತವನು ಇನ್ನೊಂದರ ಮುಂದೆ ಅನಕ್ಷರಸ್ಥನಾಗುತ್ತಿದ್ದ. ಇದು ಬರಿಯ ಊಹೆಯಲ್ಲ. ಅಕ್ಷರರೂಪಗಳ ವಿಷಯದಲ್ಲಿ ಹಾಗೆಯೇ ಆಯಿತು. ಯೂನಿಕೋಡ್ ಎಂಬ ಸರ್ವಸಾಮಾನ್ಯ ಸಂಕೇತವು ಬಳಕೆಗೆ ಬರುವ ಮುನ್ನ ಒಂದೊಂದು ಕಂಪೆನಿಯ ಅಕ್ಷರಕ್ಕೂ ಅದರದರ ಗುಪ್ತಸಂಕೇತವಿತ್ತು. ಒಂದರಲ್ಲಿ ಬರೆದ ಲೇಖನವನ್ನು ಇನ್ನೊಂದರಲ್ಲಿ ತೆರೆದರೆ ಕಾಣುತ್ತಿದ್ದುದು ಕನ್ನಡವಲ್ಲ, ಕಾಗೆಯ ಕಾಲಿನ ಗುರುತುಗಳು. ಆ ವರ್ಷಗಳಲ್ಲಿ ಟೈಪಾದ ಎಷ್ಟೋ ಪುಸ್ತಕಗಳ ಕಡತಗಳನ್ನು ಪರಿವರ್ತಿಸುವುದಕ್ಕೆ ಪ್ರತ್ಯೇಕವಾದ ಕ್ರಮವಿಧಿಗಳನ್ನು ಬರೆಯಬೇಕಾಯಿತು. ಪರಸ್ಪರ ಹೊಂದಾಣಿಕೆಗೆ ಬೇಕಾದ ಗುಟ್ಟನ್ನು ಬಿಚ್ಚಿ ನೋಡುವುದು ಅಪರಾಧವಲ್ಲವೆಂದು ೧೯೯೯ರ ತಿದ್ದುಪಡಿಯು ಹೇಳಿತು, ನಿಜ. ಗುಟ್ಟನ್ನಿಡುವುದೇ ತಪ್ಪೆಂದು ಹೇಳಲಿಲ್ಲ. 'ನುಡಿ', 'ಬರಹ' ಎಂಬ ಎರಡು ಕನ್ನಡ ತಂತ್ರಾಂಶಗಳ ಅಕ್ಷರರೂಪಗಳು ಮೂಲತಃ ಯಾರವು ಎಂದು ಈ ಶತಮಾನದ ಆರಂಭದ ವರ್ಷಗಳಲ್ಲಿ ದೊಡ್ಡ ವಿವಾದವೇ ಎದ್ದಿತು. ಕನ್ನಡವನ್ನು ಬೆಳೆಸಲು ಹೊರಟ ಎರಡು ಶಕ್ತಿಗಳ ಕಾಲವು ಅದರಲ್ಲಿ ವ್ಯಯವಾಯಿತು. ಇದಕ್ಕೆ ಪ್ರತಿಯಾಗಿ 'ಗುಬ್ಬಿ', 'ನವಿಲು' ಎಂಬ ಅಕ್ಷರರೂಪಗಳನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದೆಂಬ ಸ್ವತಂತ್ರ ಪರವಾನಗಿಯಲ್ಲಿ ಬಿಟ್ಟಿರುವರು. (ಈ ಗುಬ್ಬಿಯು ವೀರಣ್ಣನವರ ಗುಬ್ಬಿಯಲ್ಲ, ಹಕ್ಕಿ, ಆದರೂ ತಾಲ್ಲೂಕಿನವರು ಸಂತೋಷಪಡಲು ಅಡ್ಡಿಯಿಲ್ಲ.)

'ಹಾಗಾದರೆ ಬರೆಯುವವನು ಏನನ್ನು ಉಣ್ಣಬೇಕು?' ಎಂಬ ಆಕ್ಷೇಪವು ಗಂಭೀರವಾದದ್ದು. ಅದಕ್ಕೆ ಅಂಕಿಗಳಿಂದಲೇ ಉತ್ತರ ಹೇಳಬೇಕು. ಕನ್ನಡ ಪುಸ್ತಕವು ಸಾಮಾನ್ಯವಾಗಿ ೧,೦೦೦ ಪ್ರತಿ ಅಚ್ಚಾಗುತ್ತದೆ. ಬೆಲೆಯು ೨೦೦ ರೂಪಾಯಿ, ಗೌರವಧನವು ಶೇಕಡಾ ೧೦ ಎಂದು ಹಿಡಿದರೆ, ಎಲ್ಲ ಪ್ರತಿಗಳೂ ಮಾರಾಟವಾದ ದಿನ ಲೇಖಕನ ಕೈಗೆ ಬರುವುದು ೨೦,೦೦೦ ರೂಪಾಯಿ. ಅದು ಬರಲೇಬೇಕು, ಅವನು ಬದುಕಿರುವಾಗ ಅವನನ್ನು ವಂಚಿಸಿ ಅಚ್ಚುಹಾಕುವ ವ್ಯಾಪಾರಿಗೆ ತಕ್ಕ ಶಿಕ್ಷೆಯೂ ಆಗಬೇಕು. ಆದರೆ ಆ ಇಪ್ಪತ್ತು ಸಾವಿರಕ್ಕೂ, ಅವನು ಸತ್ತ ಐವತ್ತೊಂಬತ್ತನೆಯ ವರ್ಷದಲ್ಲಿ ಪುಸ್ತಕವು ಬೀಗದಲ್ಲಿರುವುದಕ್ಕೂ ಏನು ಸಂಬಂಧ? ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಓಲೆಯ ಮೇಲೆ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವೂ ಗಣಕಯಂತ್ರವೂ ಬಂದ ಮೇಲೆಯೂ ಕನ್ನಡ ಪುಸ್ತಕವು ಆ ಸಾವಿರವನ್ನು ದಾಟಲು ಏದುಸಿರು ಬಿಡುತ್ತಿರುವುದು ಯಾರಿಗೆ ಭೂಷಣ? ಆ ತಾಯಿಯ ಕಾಲದಲ್ಲಿ ಪ್ರತಿಮಾಡಿಸುವುದು ಶಾಸ್ತ್ರದಾನವೆಂಬ ಪುಣ್ಯಕಾರ್ಯವಾಗಿತ್ತು.

ಬೀಗದ ಮಾತು ಅತಿಶಯೋಕ್ತಿಯಲ್ಲ. ೧೯೭೦ರಲ್ಲಿ ತೀರಿಕೊಂಡ ಲೇಖಕನೊಬ್ಬನ ಕಥಾಸಂಕಲನವು ಎಂದೋ ಮುಗಿದುಹೋಗಿದೆ; ವಾರಸುದಾರರು ಎಲ್ಲಿರುವರೋ ತಿಳಿಯದು; ಜಿಲ್ಲೆಯ ಸಾಹಿತ್ಯ ಸಂಘವೊಂದು ಅದನ್ನು ಮತ್ತೆ ಅಚ್ಚುಹಾಕಿಸಬೇಕೆಂದಿದೆ ಎಂದು ಇಟ್ಟುಕೊಳ್ಳೋಣ. ಶಾಸನದ ೩೧-ಎ ಕಲಮಿನಲ್ಲಿ ಇದಕ್ಕೆ ದಾರಿಯನ್ನು ತೋರಿಸಿದ್ದಾರೆ. ಅರ್ಜಿಗೆ ಮುಂಚೆ ಸಂಘವು ತನ್ನ ಉದ್ದೇಶವನ್ನು ಪತ್ರಿಕೆಯಲ್ಲಿ ಪ್ರಕಟಿಸಬೇಕು. ಯಾವ ಪತ್ರಿಕೆಯಲ್ಲಿ? ದೇಶದ ಬಹುಭಾಗದಲ್ಲಿ ಪ್ರಚಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ! ಕುಣಿಗಲಿನ ಕನ್ನಡ ಕಥೆಗಾರನ ಮೊಮ್ಮಗನನ್ನು ಹುಡುಕುವ ವಿಧಾನವಿದು. ಜಾಹೀರಾತಿನ ವೆಚ್ಚವನ್ನು ಕೇಳಿದೊಡನೆ ಸಂಘದ ಕಾರ್ಯದರ್ಶಿಯು ಕಡತವನ್ನು ಮುಚ್ಚಿಡುವನು. ೨೦೩೦ರ ಕೊನೆಯ ವರೆಗೆ ಗೆದ್ದಲು ಮಾತ್ರ ಆ ಕಥೆಗಳನ್ನು ನಿರಾತಂಕವಾಗಿ ಅನುಭವಿಸಬಹುದು. ಅದಕ್ಕೆ ಅಪ್ಪಣೆ ಬೇಕಿಲ್ಲ.

ವಾರಸು ಗೊತ್ತಿದ್ದಲ್ಲಿಯೂ ಪಾಡು ಸುಖಕರವಲ್ಲ. ಶಿವರಾಮ ಕಾರಂತರು ಯಕ್ಷಗಾನವನ್ನು ತಮ್ಮ ಪ್ರತಿಭೆಯಿಂದ ಹೊಸದಾಗಿ ರೂಪಿಸಿದರು. ಅವರು ೧೯೯೭ರ ಡಿಸೆಂಬರ್ ೯ರಂದು ತೀರಿಕೊಂಡರು. ಅವರ ರೀತಿಯ ಪ್ರಯೋಗವೊಂದನ್ನು ೨೦೦೧ರಲ್ಲಿ ದೆಹಲಿಯಲ್ಲಿ ಆಡಿದುದು ಮರಣಶಾಸನದಿಂದ ಹಕ್ಕು ಪಡೆದವರ ಅನುಮತಿಯಿಲ್ಲದೆ ಎಂಬ ವ್ಯಾಜ್ಯವು ಉಡುಪಿಯಿಂದ ಹೊರಟು, ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಮುಗಿಯಿತು. ಹಕ್ಕು ಅವರಿಗೆ ಸೇರಿದ್ದೇ ಹೌದೆಂದೂ, ವಿದ್ಯಾಸಂಸ್ಥೆಯು ೫೨ನೆಯ ಕಲಮಿನ ವಿನಾಯಿತಿಯೊಳಗೆ ಮಾತ್ರ ಆಡಬಹುದೆಂದೂ ತೀರ್ಪಾಯಿತು. ಹಕ್ಕುದಾರರು ಶಾಸನವು ಕೊಟ್ಟುದನ್ನು ಕೇಳಿದರು, ಸಂಸ್ಥೆಯವರು ತಾವು ಸಲಹಿದ ಕಲೆಯನ್ನು ಆಡಿದರು, ಇಬ್ಬರನ್ನೂ ದೂಷಿಸುವಂತಿಲ್ಲ. ತೆಂಕು ಬಡಗುಗಳ ಹೆಸರಿಲ್ಲದ ಭಾಗವತರೂ ವೇಷಧಾರಿಗಳೂ ತಲೆಮಾರುಗಳ ಕಾ­ಲ ಕಟ್ಟಿದ ಕಲೆಯಲ್ಲಿ, ಕೊನೆಯ ಅಂಗುಲವನ್ನು ಸೇರಿಸಿದವರಿಗೆ ಮಾತ್ರ ದಸ್ತಾವೇಜು ಬರೆದುಕೊಡುವ ಶಾಸನವೇ ಇಬ್ಬರನ್ನೂ ಎದುರುಬದುರು ನಿಲ್ಲಿಸಿತು.

ಅರುವತ್ತು ಎಂಬ ಸಂಖ್ಯೆಯಾದರೂ ಎಲ್ಲಿಂದ ಬಂತು? ೧೭೧೦ರಲ್ಲಿ ಇಂಗ್ಲೆಂಡಿನ ಮೊದಲ ಶಾಸನವು ಹೊಸ ಪುಸ್ತಕಕ್ಕೆ ೧೪ ವರ್ಷಗಳನ್ನು ಕೊಟ್ಟಿತ್ತು. ಲೇಖಕನು ಬದುಕಿದ್ದರೆ ಇನ್ನೊಂದು ೧೪. ೧೯೧೪ರ ಭಾರತೀಯ ಶಾಸನದಲ್ಲಿ ಮರಣಾನಂತರದ ೫೦ ವರ್ಷಗಳಾದುವು. ಆದರೆ ಭಾಷಾಂತರದ ಏಕಸ್ವಾಮ್ಯವು ಪ್ರಕಟಣೆಯಿಂದ ೧೦ ವರ್ಷಗಳಿಗೆ ಮಾತ್ರ ಎಂಬ ವಿವೇಕವು ಅದರಲ್ಲಿತ್ತು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದಲೂ ಗಳಗನಾಥರು ಮರಾಠಿಯಿಂದಲೂ ತಂದ ಕಾದಂಬರಿಗಳಿಂದಲೇ ಕನ್ನಡದ ಮನೆಗಳಲ್ಲಿ ಕಾದಂಬರಿಯ ರುಚಿ ಹತ್ತಿತೆಂಬುದನ್ನು ಬಲ್ಲವರಿಗೆ ಆ ಹತ್ತು ವರ್ಷಗಳ ಬೆಲೆ ತಿಳಿದೀತು. ಐವತ್ತು ಅರುವತ್ತಾದ ಕಥೆಯು ಇನ್ನೂ ಸ್ವಾರಸ್ಯವಾದದ್ದು. ೧೯೪೧ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳು ೧೯೯೧ರ ಕೊನೆಗೆ ಎಲ್ಲರವೂ ಆಗಬೇಕಾಗಿತ್ತು. ಆಗ ಅವಸರದಿಂದ ೧೯೯೨ರಲ್ಲಿ ಶಾಸನವನ್ನು ತಿದ್ದಿ ಹತ್ತು ವರ್ಷಗಳನ್ನು ಕೂಡಿಸಿದರು. ಸತ್ತ ಕವಿಗೆ ಇನ್ನೊಂದು ಪದ್ಯವನ್ನು ಬರೆಯಲು ಉತ್ತೇಜನ ಕೊಡುವ ಉದ್ದೇಶವಂತೂ ಅದರಲ್ಲಿ ಇದ್ದಿರಲಾರದು. ಒಬ್ಬರಿಗಾಗಿ ಎತ್ತಿದ ಬೇಲಿಯು ದೇಶದ ಎಲ್ಲ ಭಾಷೆಗಳ ಎಲ್ಲ ಲೇಖಕರ ಸುತ್ತಲೂ ಎದ್ದಿತು. ಅದರ ಫಲವಾಗಿ ಡಿ. ವಿ. ಗುಂಡಪ್ಪನವರ ಕೃತಿಗಳು ೨೦೩೬ರ, ಬೇಂದ್ರೆಯವರವು ೨೦೪೨ರ, ಮಾಸ್ತಿಯವರವು ೨೦೪೭ರ, ಕುವೆಂಪು ಅವರವು ೨೦೫೫ರ, ಕಾರಂತರವು ೨೦೫೮ರ ಜನವರಿ ೧ರಂದು ಸಾರ್ವಜನಿಕರಿಗೆ ಸೇರತಕ್ಕವು.

ಪಾರ್ಲಿಮೆಂಟು ಈ ಸಂಖ್ಯೆಯನ್ನು ಇಳಿಸುವುದೆಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳು ಸಾಹಿತ್ಯಕೃತಿಗಳಿಗೆ ಮರಣಾನಂತರದ ೫೦ ವರ್ಷಗಳಿಗಿಂತ ಕೆಳಗೆ ಇಳಿಯುವಂತೆಯೂ ಇಲ್ಲ. ಆದರೆ ಹತ್ತು ವರ್ಷಗಳನ್ನು ಹಿಂದಕ್ಕೆ ಕೊಡಬಹುದು, ೩೧-ಎ ಕಲಮಿನ ಇಂಗ್ಲಿಷ್ ಜಾಹೀರಾತನ್ನು ಕಿತ್ತುಹಾಕಬಹುದು, ಸರ್ಕಾರದ ಹಣದಿಂದ ಬರೆಯಿಸಿದ ಪ್ರತಿಯೊಂದು ಕನ್ನಡ ತಂತ್ರಾಂಶದ ಮೂಲಸಂಕೇತವನ್ನೂ ಪ್ರಕಟಿಸಬೇಕೆಂದು ಕಟ್ಟು ಮಾಡಬಹುದು. ಇವಕ್ಕೆ ಯಾವ ಪರದೇಶದ ಒಪ್ಪಂದವೂ ಅಡ್ಡಿಯಲ್ಲ. ೨೦೦೪ರ ಕೊನೆಯಲ್ಲಿ ಕ್ರಮವಿಧಿಗಳಿಗೆ ಪೇಟೆಂಟಿನ ಬಾಗಿಲನ್ನು ತೆರೆಯಲು ಹೊರಟ ಸುಗ್ರೀವಾಜ್ಞೆಯ ಆ ಭಾಗವನ್ನು ಪಾರ್ಲಿಮೆಂಟು ೨೦೦೫ರಲ್ಲಿ ಕೈಬಿಟ್ಟಿತೆಂಬುದನ್ನು ನೆನೆದರೆ, ಗಟ್ಟಿಯಾಗಿ ಕೇಳಿದ ಮಾತು ದೆಹಲಿಯಲ್ಲಿ ಒಮ್ಮೊಮ್ಮೆ ಕೇಳಿಸುವುದೂ ಉಂಟು.

ಅಲ್ಲಿಯ ವರೆಗೆ ಲೇಖಕರ ಕೈಯಲ್ಲಿಯೇ ಇರುವ ಒಂದು ಸಾಧನವಿದೆ. ಶಾಸನದ ೨೧ನೆಯ ಕಲಮಿನ ಪ್ರಕಾರ ಕರ್ತೃವು ತನ್ನ ಹಕ್ಕುಗಳನ್ನೆಲ್ಲ ಅಥವಾ ಕೆಲವನ್ನು ತ್ಯಜಿಸಬಹುದು. ೨೦೧೨ರ ತಿದ್ದುಪಡಿಯಿಂದ ಅದಕ್ಕೆ ಸಾರ್ವಜನಿಕ ಪ್ರಕಟಣೆಯೊಂದೇ ಸಾಕು. ಅಷ್ಟು ದೂರ ಹೋಗಲೊಲ್ಲದವರು, ಹೆಸರನ್ನು ಉಳಿಸಿಕೊಂಡು ಪ್ರತಿಮಾಡಲು ಅಪ್ಪಣೆ ಕೊಡುವ ಮುಕ್ತ ಪರವಾನಗಿಯನ್ನು ಅಚ್ಚುಹಾಕಿಸಬಹುದು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ೨೦೧೪ರಲ್ಲಿ ಹಾಗೆ ಬಿಟ್ಟುಕೊಟ್ಟಿತು. ಕಯ್ಯೂರಿನ ರೈತರ ಹೋರಾಟವನ್ನು ಕಾದಂಬರಿಯಾಗಿಸಿದ ನಿರಂಜನರ ೫೦ಕ್ಕೂ ಮಿಕ್ಕ ಕೃತಿಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಅವರು ಅದೇ ವರ್ಷ ಅದೇ ರೀತಿಯಲ್ಲಿ ಮುಕ್ತಗೊಳಿಸಿದರು. ಅದಕ್ಕೆ ಬೇಕಾಗುವುದು ಪುಸ್ತಕದ ಎರಡನೆಯ ಪುಟದಲ್ಲಿ, ಬೆಲೆಯ ಕೆಳಗೆ, ಎರಡು ಸಾಲು. ಜಿಲ್ಲೆಯ ಲೇಖಕರೂ ಸಂಘಸಂಸ್ಥೆಗಳೂ ಈ ವರ್ಷ ಅಚ್ಚಿಗೆ ಕೊಡುವ ಪುಸ್ತಕಗಳಿಂದಲೇ ಅದನ್ನು ಆರಂಭಿಸಬಹುದು.